‘ಹಿಂದಿನ ಭಾಗ’ ಎಂದು ಬರೆದ ವಾರ

2019ರಲ್ಲಿ ನಾನು ದಿನಪತ್ರಿಕೆಯೊಂದರ ತಿಪಟೂರು ವರದಿಗಾರನಾಗಿದ್ದೆ. ಕೊಬ್ಬರಿ ಹರಾಜು, ಪಂಚಾಯಿತಿ ಸಭೆಗಳ ಜೊತೆಗೆ ಶನಿವಾರದ ಸಂಚಿಕೆಗೆ ಸಿನಿಮಾ ವಿಮರ್ಶೆಯನ್ನೂ ಬರೆಯುತ್ತಿದ್ದೆ.

ಊರಿನ ಹಳೆಯ ಚಿತ್ರಮಂದಿರವೊಂದರಲ್ಲಿ ಬಿಳಿಗೆರೆಯ ಸಿದ್ದಲಿಂಗಣ್ಣ ಪ್ರೊಜೆಕ್ಟರ್ ಆಪರೇಟರ್. ಬಾಹ್ಯಾಕಾಶ ನೌಕೆಯೊಂದರ ಕಥೆಯುಳ್ಳ ಮೂರು ಇಂಗ್ಲಿಷ್ ಚಿತ್ರಗಳನ್ನು ದಶಕಗಳ ಹಿಂದೆ ಅವರೇ ಓಡಿಸಿದ್ದರು. ಭಾಷೆ ತಿಳಿಯದಿದ್ದರೂ ತುರುವೇಕೆರೆ, ಹುಳಿಯಾರಿನಿಂದ ಜನ ಬಂದಿದ್ದರು. ತನ್ನ ಗ್ರಹಕ್ಕೆ ಎಂದೂ ಮರಳದ, ಏಕೆಂದು ಯಾರಿಗೂ ಹೇಳದ ಮುದಿ ನಾವಿಕ ಅವುಗಳ ನಾಯಕ. 2019ರಲ್ಲಿ ಆ ಸರಣಿಯ ಮೊದಲ ಪ್ರೀಕ್ವೆಲ್ ಕನ್ನಡಕ್ಕೆ ಡಬ್ ಆಗಿ ಬಂತು. ಪ್ರೀಕ್ವೆಲ್ ಎಂದರೆ ಈಗ ತಯಾರಾಗಿ, ಹಳೆಯ ಕಥೆಗೂ ಮುಂಚೆ ನಡೆದುದನ್ನು ಹೇಳುವ ಚಿತ್ರ. ಇದರಲ್ಲಿದ್ದುದು ಆ ನಾವಿಕನ ಯೌವನ.

ಚಿತ್ರ ಒಂದು ವಾರ ನಿಲ್ಲದಿದ್ದರೆ ಕಟ್ಟಡವನ್ನು ಕೊಬ್ಬರಿ ಗೋದಾಮಿಗೆ ಕೊಡುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು. ಶುಕ್ರವಾರದ ಬೆಳಗಿನ ಆಟವನ್ನು ನಾನು ಪ್ರೊಜೆಕ್ಟರ್ ಕೋಣೆಯಿಂದಲೇ ನೋಡಿದೆ.

“ಹೊಗಳಿ ಅಂತ ಕೇಳಲ್ಲ ಕಣ್ರೀ,” ಎಂದರು ಸಿದ್ದಲಿಂಗಣ್ಣ. “ಜನಕ್ಕೆ ತಿಳಿಯೋ ಹಂಗೆ ಬರೀರಿ. ಪ್ರೀಕ್ವೆಲ್ಲು ಅಂದ್ರೆ ಯಾವ ಕಾಯಿಲೆ ಔಷ್ದಿ ಅಂತ ಕೇಳ್ತಾರೆ.”

ಹಳೆಯ ಚಿತ್ರಗಳ ತೂಕವಿದ್ದುದು ನಾವಿಕನ ಮೌನದಲ್ಲಿ. ಇಲ್ಲಿ ಎಲ್ಲಕ್ಕೂ ಕಾರಣ ಹೇಳಿದ್ದರು. ಅವನು ಬದುಕುಳಿಯುವುದು ಮೊದಲೇ ಗೊತ್ತಿದ್ದರಿಂದ ಯುದ್ಧದ ದೃಶ್ಯಗಳಲ್ಲಿ ಆತಂಕ ಹುಟ್ಟಲಿಲ್ಲ. ಆದರೆ ತಾಯಿಯನ್ನು ಬಿಟ್ಟು ಅವನು ನೌಕೆ ಏರುವ ಕೊನೆಯ ಇಪ್ಪತ್ತು ನಿಮಿಷ ಹಳೆಯವುಗಳಿಗೆ ಸಮನಾಗಿತ್ತು. ಹಾಗೆಯೇ ಬರೆದು, ನೋಡಲೇಬೇಕು ಎಂದು ಸೇರಿಸಿದೆ. ಪ್ರೀಕ್ವೆಲ್ ಪದ ಕೈಬಿಟ್ಟು ತಲೆಬರಹ ಕೊಟ್ಟೆ: ‘ನೌಕೆ ಸರಣಿಯ ಹಿಂದಿನ ಭಾಗ ತಿಪಟೂರಿನಲ್ಲಿ’. ಚಿತ್ರಮಂದಿರದವರು ಅದನ್ನೇ ಬೋರ್ಡಿಗೆ ಇಳಿಸಿದರು.

ಭಾನುವಾರ ಹೋಟೆಲಿನಲ್ಲಿ ತಿಂಡಿ ತಿನ್ನುವಾಗ ಪಕ್ಕದ ಮೇಜಿನ ಮಾತು ಕಿವಿಗೆ ಬಿತ್ತು. ತುರುವೇಕೆರೆ ಕಡೆಯ ಇಬ್ಬರು ತೋಟದವರು.

“ಹಿಂದಿನ ಭಾಗ ಆಗ್ಲೇ ನೋಡಿದೀವಿ ಬುಡು. ಮುಂದಿನ್ದು ಬಂದಾಗ ಹೋಗಾಣ.”

“ನೀನೆಲ್ಲಿ ನೋಡ್ದೆಲಾ? ಗೊರಕೆ ಹೊಡೀತಿದ್ದೆ.”

ಹಳೆಯ ಚಿತ್ರವೇ ಮತ್ತೆ ಬಂದಿದೆ ಎಂದು ಊರೆಲ್ಲ ಓದಿಕೊಂಡಿತ್ತು. ಕೂಡಲೇ ಕಚೇರಿಗೆ ಫೋನ್ ಮಾಡಿದೆ.

“ಇದರಲ್ಲಿ ತಪ್ಪೇನಿದೆ? ಕಥೆಯಲ್ಲಿ ಹಿಂದಿನ ಭಾಗವೇ ತಾನೆ?” ಎಂದರು ಉಪಸಂಪಾದಕರು. ಪದದ ಅರ್ಥದ ಪ್ರಕಾರ ಅವರ ಮಾತು ಸರಿ. ಎರಡು ಸಾಲಿನ ಸ್ಪಷ್ಟನೆ ಬುಧವಾರ ಒಳಪುಟದಲ್ಲಿ ಬಂತು. ಚಿತ್ರವನ್ನು ಮಂಗಳವಾರವೇ ತೆಗೆದಿದ್ದರು. ಸೋಮವಾರದ ಸಂಜೆ ಆಟಕ್ಕೆ ಇದ್ದವರು ಒಂಬತ್ತು ಜನ.

ನಾನು ಕ್ಷಮೆ ಕೇಳಲು ಹೋದಾಗ ಸಿದ್ದಲಿಂಗಣ್ಣ ಲೆನ್ಸ್ ಒರೆಸುತ್ತಿದ್ದರು. “ಸಿನಿಮಾ ಬಗ್ಗೆ ಸರಿಯಾಗೇ ಬರ್ದಿದ್ರಿ ಕಣ್ರೀ,” ಎಂದರು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಒಂದು ತಿಂಗಳಲ್ಲಿ ಕುರ್ಚಿಗಳು ಹೊರಬಂದು ಕೊಬ್ಬರಿ ಒಳಹೋಯಿತು. ಅದೇ ಕಟ್ಟಡದಲ್ಲಿ ಅವರು ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿದರು.

ವಿಮರ್ಶೆಯ ತೀರ್ಪು ಸರಿಯಿದ್ದರೆ ಸಾಲದು, ಅದು ಟಿಕೆಟ್ ಕೊಳ್ಳುವವನಿಗೆ ತಲುಪಿತೇ ಎಂದು ನೋಡುವುದೂ ನನ್ನ ಕೆಲಸ ಎಂಬುದನ್ನು ಆ ವಾರ ಕಲಿಸಿತು. ಅಂದಿನಿಂದ ಯಾರಾದರೊಬ್ಬರಿಗೆ ಓದಿ ಹೇಳದೆ ತಲೆಬರಹ ಕಳಿಸಿಲ್ಲ.

ಕೊನೆಯ ಪ್ರೀಕ್ವೆಲ್ 2023ರಲ್ಲಿ ಬಂತು. ತುಮಕೂರಿನಲ್ಲಿ ನೋಡಿದೆ. ನಾವಿಕ ಮೌನಕ್ಕೆ ಜಾರುವ ಆ ಚಿತ್ರ ಹಳೆಯ ಮೂರಕ್ಕೂ ಸರಿಸಾಟಿ. ಬರೆದುದನ್ನು ಗೋದಾಮಿಗೆ ಒಯ್ದು, ತಲೆಬರಹವನ್ನು ಸಿದ್ದಲಿಂಗಣ್ಣನಿಗೆ ಓದಿ ಹೇಳಿದೆ: ‘ಹೊಸ ಚಿತ್ರ, ಹಳೆಯ ಕಥೆಗೂ ಮುಂಚಿನದು’.

“ಈಗ ತಿಳೀತದೆ,” ಎಂದರು. ದಬ್ಬಣ ಕೈಯಲ್ಲೇ ನಿಂತಿತ್ತು. “ಎಲ್ಲಿ ಓಡ್ತಾ ಐತೆ?”