ಜೊತೆಗೆ ಹೋಗುವ ಕೆಲಸ

ನಿನ್ನೆ ಕುಕ್ಕರಿಗೆ ಹೊಸ ರಬ್ಬರ್ ಉಂಗುರ ತಂದೆ. ಪೊಟ್ಟಣ ಬಿಚ್ಚಿದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಹೊಸ ರಬ್ಬರಿನ ವಾಸನೆ ಯಾರಿಗೂ ಹಿತವಲ್ಲ, ಬಿಡಿ. ನಮ್ಮ ಯಜಮಾನರಂತೂ ಮೂಗು ಮುಚ್ಚಿಕೊಂಡು ವರಾಂಡಕ್ಕೆ ಹೋದರು. ನಾನು ಮಾತ್ರ ಅಲ್ಲೇ ನಿಂತು ಮತ್ತೆ ಮತ್ತೆ ಮೂಸಿದೆ. ಪುಣೆ ಹತ್ತಿರದ ಭೋಸರಿಯ ತಗಡಿನ ಶೆಡ್ಡು, ಅದರೊಳಗಿನ ಉದ್ದನೆಯ ಮೇಜು, ನನ್ನ ಪಕ್ಕದಲ್ಲಿ ರೇಣವ್ವ, ಎಲ್ಲ ಕಣ್ಣ ಮುಂದೆ ಬಂದವು.

ತೊಂಬತ್ತರ ದಶಕದ ಮಾತು. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದು ಬಹಳ ವರ್ಷಗಳಾಗಿದ್ದವು. ನನ್ನ ಮರಾಠಿ ಕೇಳಿದವರು ನಾನು ಅಲ್ಲಿಯವಳೇ ಎಂದುಕೊಳ್ಳುತ್ತಿದ್ದರು. ಅದರ ಹೆಮ್ಮೆಯೂ ನನಗೆ ಸ್ವಲ್ಪ ಹೆಚ್ಚೇ ಇತ್ತು. ನಮ್ಮ ಓಣಿಯ ನಿವೃತ್ತ ಶಿಕ್ಷಕಿ ಕಮಲಾತಾಯಿ ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು, ಊರು ಬಿಟ್ಟು ಬಂದು ದಿಕ್ಕು ತಪ್ಪಿದ ಹೆಣ್ಣುಮಕ್ಕಳಿಗೆ ಕೆಲಸ ಹಚ್ಚಿಕೊಡುತ್ತಿದ್ದರು. ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರನ್ನು ಒಪ್ಪಿಸಿ ಮೂರು ತಿಂಗಳು ‘ಶಿಕಾವೂ’ ಎಂದು, ಅಂದರೆ ಕಲಿಯುವವಳೆಂದು, ಸೇರಿಸುವುದು. ಅಷ್ಟು ದಿನವೂ ಭಾಷೆ ಬಲ್ಲ ಒಬ್ಬಳು ಜೊತೆಗೆ ಹೋಗಿ ಪಕ್ಕದಲ್ಲಿ ಕೂರುವುದು. ಕೈ ಕುದುರಿದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ.

ಕನ್ನಡದವಳೊಬ್ಬಳು ಬಂದಾಗ ನನಗೆ ಕರೆ ಬಂತು. ರೇಣವ್ವ ಸುರಪುರದ ಕಡೆಯವಳು, ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆ ಬಂದವಳು. ಗಂಡ ಸಾರವೆಯಿಂದ ಬಿದ್ದು ತೀರಿಕೊಂಡಿದ್ದ. ಕಟ್ಟಡ ಮುಗಿದ ಮೇಲೆ ಮೇಸ್ತ್ರಿ ತನ್ನ ಜನರನ್ನು ಕಟ್ಟಿಕೊಂಡು ಸೂರತ್‌ಗೆ ಹೋದ. ಇವಳು ಹೋಗಲಿಲ್ಲ. ಮಗಳು ಆಗಷ್ಟೇ ಶಾಲೆಗೆ ಹೋಗತೊಡಗಿದ್ದಳು. “ಸಾಲಿ ಬಿಡಿಸಿ ಎಲ್ಲಿಗಂತ ಕರಕೊಂಡು ಹೋಗ್ಲಿರಿ ಅಕ್ಕಾರ?” ಎಂದಳು. ಅವರಿದ್ದ ಜೋಪಡಿಯನ್ನು ಮಳೆಗಾಲಕ್ಕೆ ಮುಂಚೆ ಕಿತ್ತುಹಾಕುವವರಿದ್ದರು. ಕೆಲಸವಿಲ್ಲದವಳಿಗೆ ಬಾಡಿಗೆಗೆ ಕೋಣೆ ಕೊಡುವವರು ಯಾರು?

ನಾವು ಸೇರಿದ್ದು ರಬ್ಬರ್ ಉಂಗುರ ಮಾಡುವ ಕಾರ್ಖಾನೆ. ಅಚ್ಚಿನಿಂದ ಬಂದ ಉಂಗುರದ ಅಂಚಿನಲ್ಲಿ ತೆಳ್ಳನೆಯ ಸಿಪ್ಪೆ ಉಳಿದಿರುತ್ತದೆ. ಉಂಗುರಕ್ಕೆ ಗಾಯವಾಗದಂತೆ ಅದನ್ನು ಬ್ಲೇಡಿನಿಂದ ಹೆರೆಯಬೇಕು. ರೇಣವ್ವನಿಗೆ ಬ್ಲೇಡಿಗಿಂತ ಸ್ಟೂಲೇ ದೊಡ್ಡ ತೊಡಕಾಯಿತು. ಸೂಪರ್‌ವೈಸರ್ ಪವಾರ್ ಹಾದುಹೋದಾಗಲೆಲ್ಲ ದಡಕ್ಕನೆ ಎದ್ದು ನಿಲ್ಲುತ್ತಿದ್ದಳು. ಕಟ್ಟಡದಲ್ಲಿ ಕುಳಿತವರಿಗೆ ಬೈಗುಳ ತಪ್ಪುತ್ತಿರಲಿಲ್ಲವಂತೆ. “ಹೀಂಗ ಕುಂತ್ರ ಬೈಯೂದಿಲ್ಲೇನ್ರಿ?” ಎಂದು ಕೇಳಿದಳು.

ನನ್ನ ಕಥೆ ಕೇಳಬೇಡಿ. ಅಡುಗೆಮನೆ ಬಿಟ್ಟರೆ ಬೇರೆ ನೌಕರಿ ಕಾಣದವಳಿಗೆ ಸೈರನ್ನು, ಊಟದ ಗಂಟೆ, ಡಬ್ಬಿ ಎಲ್ಲ ಹೊಸ ಸಂಭ್ರಮ. ಪವಾರ್ ಮಾತಾಡಿದ್ದನ್ನು ಮಾತ್ರವಲ್ಲ, ಕೆಮ್ಮಿದ್ದನ್ನೂ ನಾನು ಕನ್ನಡಕ್ಕೆ ತರುತ್ತಿದ್ದೆ. ಆತ ರೇಣವ್ವನ ಮುಖ ನೋಡಿದವನೇ ಅಲ್ಲ. “ಕಾಯ್ ಬಾಈ, ಹಿಲಾ ಸಮಜಲಂ ಕಾ?” ಇವಳಿಗೆ ತಿಳಿಯಿತೇ ಎಂದು ಕೇಳುತ್ತಿದ್ದುದು ನನ್ನನ್ನು. ಮೇಜಿನ ಹೆಂಗಸರೂ ಹಾಗೆಯೇ. ಊಟಕ್ಕೆ ನಾವಿಬ್ಬರೇ ಒಂದು ಮೂಲೆ.

ಅರ್ಧ ಅವಧಿ ಕಳೆದಿರಬೇಕು. ಒಂದು ದಿನ ಪವಾರ್ ಗಾಯವಾದ ಉಂಗುರಗಳ ಬುಟ್ಟಿಯನ್ನು ತಂದು ಮೇಜಿನ ಮೇಲೆ ಸುರಿದ. ಎಲ್ಲ ಈ ಹೊಸಬಳದೇ, ಇನ್ನು ಇವಳನ್ನು ಕಳಿಸಿಬಿಡುತ್ತೇನೆ ಎಂದ. ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ನನ್ನ ಮರಾಠಿಯ ಪರಾಕ್ರಮ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಉಂಟೇ?

ರೇಣವ್ವ ನನ್ನ ಮೊಣಕೈ ಹಿಡಿದಳು. “ನೀವು ಸುಮ್ಕ ಕುಂದರ್ರಿ ಅಕ್ಕಾರ.”

ಆಮೇಲೆ ಒಂದೊಂದೇ ಉಂಗುರ ಎತ್ತಿ ಪವಾರನಿಗೇ ತೋರಿಸತೊಡಗಿದಳು. “ಹೇ ಮಾಝಾ.” ಇದು ನನ್ನದು. “ಹೇ ಮಾಝಾ ನಾಯ್.” ಇದು ನನ್ನದಲ್ಲ. ತನ್ನದನ್ನು ಮುಚ್ಚಿಡಲಿಲ್ಲ, ಪರರದನ್ನು ಹೊತ್ತುಕೊಳ್ಳಲಿಲ್ಲ. ಎದುರಿಗೆ ಕೂತಿದ್ದ ಸುಶೀಲಾ ಒಮ್ಮೆಲೇ ಕೈ ಚಾಚಿ ಒಂದನ್ನು ಎತ್ತಿಕೊಂಡಳು. “ಹಾ ಮಾಝಾ ಆಹೇ, ಸಾಹೇಬ,” ಎಂದಳು. ಇನ್ನೊಬ್ಬಳು ನಗುತ್ತ ತನ್ನದನ್ನೂ ಆರಿಸಿಕೊಂಡಳು. ಪವಾರ್ ತಲೆ ಕೆರೆದುಕೊಂಡ. ಮೊದಲ ಬಾರಿಗೆ ರೇಣವ್ವನ ಕಡೆ ತಿರುಗಿ, ಬ್ಲೇಡು ಹೇಗೆ ವಾರೆ ಹಿಡಿಯಬೇಕೆಂದು ತಾನೇ ತೋರಿಸಿಕೊಟ್ಟ.

ಸಂಜೆ ಬಸ್ ನಿಲ್ದಾಣದಲ್ಲಿ ಅವಳು ಮೆಲ್ಲಗೆ ಹೇಳಿದಳು: “ನಾಳಿಂದ ನೀವು ಬರಬ್ಯಾಡ್ರಿ.”

“ಯಾಕ? ನಾ ಏನ್ ಮಾಡೀನಿ?”

“ನೀವು ಭಾಳ ಮಾಡೀರಿ. ಆದ್ರ ನೀವಿದ್ರ ಅವ್ರು ನಿಮ್ಮ ಕೂಡನ ಮಾತಾಡ್ತಾರ್ರಿ. ನನ್ನ ಕೂಡ ಯಾರೂ ಮಾತಾಡೂದಿಲ್ಲ.”

ಮನೆಗೆ ಬಂದು ಯಜಮಾನರ ಮೇಲೆ ಕಾರಣವಿಲ್ಲದೆ ಸಿಡುಕಿದೆ. ಮರುದಿನ ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಭೋಸರಿಯ ಬಸ್ಸನ್ನೂ ಹತ್ತಿದೆ, ನಗಬೇಡಿ. ರಸ್ತೆಯ ಈಚೆ ಬದಿ ನಿಂತು ನೋಡಿದೆ. ರೇಣವ್ವ ಸುಶೀಲಾಳ ಜೊತೆ ಕೈ ಬೀಸುತ್ತ, ಏನೋ ಹೇಳುತ್ತ ಗೇಟಿನೊಳಗೆ ಹೋದಳು. ಡಬ್ಬಿಯ ಚಪಾತಿಯನ್ನು ನಿಲ್ದಾಣದಲ್ಲೇ ಕೂತು ತಿಂದು ವಾಪಸಾದೆ.

ಅವಳನ್ನು ಕಾರ್ಖಾನೆಯವರು ಇಟ್ಟುಕೊಂಡರು. ಸುಶೀಲಾಳ ವಠಾರದಲ್ಲೇ ಕೋಣೆ ಸಿಕ್ಕಿತು. ಮಗಳು ಓದಿ ಈಗ ನರ್ಸ್ ಆಗಿದ್ದಾಳೆ. ಹಬ್ಬಕ್ಕೊಮ್ಮೆ ರೇಣವ್ವ ಫೋನ್ ಮಾಡುತ್ತಾಳೆ. ನಾನಾಗಿ ಮಾಡಿದ್ದು ಕಡಿಮೆ. ಮಾಡಿದರೆ “ಎಲ್ಲ ಸರಿ ಅದ ಇಲ್ಲೋ” ಎಂದು ವಿಚಾರಣೆಗೆ ಇಳಿಯುತ್ತೇನೆಂಬ ಅಳುಕು.

ಬರುವ ವಾರ ನನ್ನ ಕಣ್ಣಿನ ಆಪರೇಷನ್. ಯಜಮಾನರ ಮೊಣಕಾಲು ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಅಕ್ಕಪಕ್ಕದವರು ಬರುತ್ತೇವೆಂದರೆ, ರಿಕ್ಷಾದಲ್ಲಿ ಒಬ್ಬಳೇ ಹೋಗಿಬರುತ್ತೇನೆಂದು ಎಲ್ಲರಿಗೂ ಬೇಡ ಅಂದಿದ್ದೆ. ನಿನ್ನೆ ಸಂಜೆ ರೇಣವ್ವನಿಗೆ ಫೋನ್ ಮಾಡಿದೆ. ಕ್ಷೇಮ ಸಮಾಚಾರ ಒಂದೂ ಕೇಳಲಿಲ್ಲ. “ದವಾಖಾನಿಗೆ ನನ್ನ ಜೋಡಿ ಬರ್ತೀಯೇನು? ನನಗ ಸ್ವಲ್ಪ ಹೆದರಿಕಿ ಆಗೇದ,” ಎಂದೆ.

“ಎಷ್ಟೊತ್ತಿಗೆ ಬರ್ಲಿರಿ?” ಎಂದಳು.