ಜಗುಲಿ ಮೇಲಿನ ಗುಳಿಗಿ ಗಂಟು

ಕಮಲಾಪುರದ ಚಂದಮ್ಮ ರೊಟ್ಟಿ ಬಡಿಯಲು ಕೂತರೆ ಓಣಿಯ ಕೊನೆಯ ಮನೆಗೂ ಸಪ್ಪಳ ಕೇಳುತ್ತಿತ್ತು. ಎಳ್ಳಮಾವಾಸ್ಯೆ ಬಂತೆಂದರೆ ಸಜ್ಜೆ ರೊಟ್ಟಿಯ ರಾಶಿಯೇ ಏಳಬೇಕು: ಹೊಲಕ್ಕೆ ಬುತ್ತಿ, ನೆರೆಮನೆಯ ಮಸ್ತಾನಬಿಗೊಂದು ಪಾಲು. ಮೂವತ್ತೈದು ವರ್ಷ ಆ ಕೆಲಸವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅಂಥವಳ ಬಲಭುಜ ಈ ಮಳೆಗಾಲದಲ್ಲಿ ಬಿಗಿದುಕೊಂಡು ಕೂತುಬಿಟ್ಟಿತು ನೋಡ್ರಿ! ತುರುಬು ಕಟ್ಟಲೂ ಕೈ ಏಳದು. ಸೊಸೆ ನಾಗರತ್ನಾ ಸಪ್ಪಳವಿಲ್ಲದೆ ಲಟ್ಟಿಸಿ ರೊಟ್ಟಿ ಮಾಡಿದಳು. ಚಂದಮ್ಮನ ಗಂಡ ಅಣವೀರಪ್ಪ ತುಟಿ ಪಿಟಕ್ಕೆನ್ನದೆ ಉಂಡ. ಸೊಸೆಯ ರೊಟ್ಟಿಯೇ ಹಿಡಿಸಿಬಿಟ್ಟಿತೇನೋ ಎಂದು ಚಂದಮ್ಮನ ಹೊಟ್ಟೆ ಉರಿಯಿತು. ಹಬ್ಬಕ್ಕೂ ಕೈ ಏಳದಿದ್ದರೆ ಈ ಮನೆಗೆ ತಾನ್ಯಾಕೆ ಎನ್ನುವ ಸಂಕಟ ಬೇರೆ.

ಕಲಬುರಗಿಯ ಎಲುಬಿನ ಡಾಕ್ಟರು, ಆಕೆ ದಿನಾ ನುಂಗುತ್ತಿದ್ದ ಬಿ.ಪಿ. ಗುಳಿಗಿಯ ಜೊತೆಗೆ ನೋವಿನ ಗುಳಿಗಿಯನ್ನೂ ಬರೆದು, ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. “ಜೋಡಿಗೆ ಸೂಜಿ ಚಿಕಿತ್ಸೆನೂ, ಅದೇ ಆಕ್ಯುಪಂಕ್ಚರ್, ಮಾಡಿಸಿ ನೋಡ್ರಿ, ನೋವು ಕಮ್ಮಿಯಾದ್ರ ವ್ಯಾಯಾಮ ಹಗುರಾಗ್ತದ,” ಎಂದು ಜೇವರ್ಗಿ ಕಾಲೋನಿಯ ಡಾಕ್ಟರ್ ಜೀನತ್ ಹತ್ತಿರ ಕಳಿಸಿದರು. ಚಂದಮ್ಮ ಕಣ್ಣು ಮುಚ್ಚಿ ದೇವರು ಶರಣಬಸಪ್ಪನ್ನ ನೆನೆದು, ತೆರೆಯುವಷ್ಟರಲ್ಲಿ ಭುಜದ ಮೇಲೆ ಎಂಟು ಸೂಜಿ ನಿಂತಿದ್ದವು. “ಇಷ್ಟೇ ಏನ್ರೀ? ಜಾಲಿಮುಳ್ಳು ಇದಕ್ಕಿಂತ ಜೋರು ಚುಚ್ತದ!”

ಮೂರನೇ ಸಲ ಹೋದಾಗ ತಲೆ ಗಿರ್ರೆಂದಿತು. ಜೀನತ್ ರಟ್ಟೆಗೆ ಬಿ.ಪಿ. ಪಟ್ಟಿ ಕಟ್ಟಿ ನೋಡಿ, ಸೂಜಿಯ ತಟ್ಟೆ ಅತ್ತ ಸರಿಸಿದರು. “ಬಿ.ಪಿ. ಗುಳಿಗಿ ತಗೊಂಡೀರಿಲ್ಲೋ?”

“ಇಲ್ರೀ! ಸೂಜಿ ಸುರು ಆದ ದಿನಾನೇ ಎಲ್ಲಾ ಗುಳಿಗಿ ಗಂಟು ಕಟ್ಟಿ ದೇವರ ಜಗುಲಿ ಮ್ಯಾಲ ಇಟ್ಟೀನಿ,” ಎಂದಳು ಚಂದಮ್ಮ ಹೆಮ್ಮೆಯಿಂದ. ಕಾಮಾಲೆಗೆ ಬೇರು ಕೊಡುವಾಗ ಅವ್ವ ಕಲಿಸಿದ ಪಥ್ಯ ಅದು. ಒಂದು ದವಾ ಹಿಡಿದರೆ ಇನ್ನೊಂದನ್ನು ದೇವರಿಗೆ ಒಪ್ಪಿಸಬೇಕು, ಇಲ್ಲಾಂದ್ರೆ ಹೊಟ್ಟೆಯಲ್ಲಿ ಎರಡೂ ಜಗಳಾಡುತ್ತವೆ.

ಜೊತೆಗೆ ಬಂದಿದ್ದ ನಾಗರತ್ನಾ ಹಣೆ ಹಣೆ ಬಡಿದುಕೊಂಡಳು. “ಅಯ್ಯ ಅತ್ತಿ! ನನಗೊಂದು ಮಾತು ಹೇಳಬಾರದಿತ್ತೇನು?”

ಜೀನತ್ ಬೈಯಲಿಲ್ಲ. “ಚಂದಮ್ಮಾರ, ನನ್ನ ಸೂಜಿ ಭುಜದ ನೋವಿಗಷ್ಟರೀ. ಗುಳಿಗಿ ಕೆಲಸ ಗುಳಿಗಿನೇ ಮಾಡಬೇಕು. ಮೊದಲು ಬಿ.ಪಿ. ಹದಕ್ಕ ಬರ್ಲಿ, ಆಮ್ಯಾಲ ಸೂಜಿ,” ಎಂದು ದೊಡ್ಡ ದವಾಖಾನೆಗೆ ಫೋನ್ ಹಚ್ಚಿ, ಅವತ್ತೇ ಅಲ್ಲಿಗೆ ಕಳಿಸಿಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಚಂದಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳು. ಹಬ್ಬಕ್ಕೆ ಎರಡೇ ತಿಂಗಳು ಉಳಿದಿತ್ತು.

ಮನೆಗೆ ಬಂದು ಜಗುಲಿಯ ಗಂಟು ಬಿಚ್ಚಿದಳು. “ನೀ ಕಾಯ್ದಿದ್ದು ಸಾಕಪ್ಪ ದೇವ್ರೇ, ಇನ್ನ ನಾ ನುಂಗ್ತೀನಿ.”

ಬಿ.ಪಿ. ಇಳಿದ ಮೇಲೆ ಸೂಜಿ ಮತ್ತೆ ಸುರುವಾಯಿತು. ಮುಂಜಾನೆ ಗುಳಿಗಿ, ವಾರಕ್ಕೊಮ್ಮೆ ಕಲಬುರಗಿ ಬಸ್ಸು, ದಿನಾ ಗೋಡೆ. ಅಣವೀರಪ್ಪ ಕೂಡ ದಿನಾ ಇದ್ದಿಲು ಹಿಡಿದು ಬಂದು, ಬೆರಳು ಮುಟ್ಟಿದಲ್ಲಿ ಗೆರೆ ಎಳೆದು ಹೋಗುತ್ತಿದ್ದ. ಒಂದು ಮಾತಿಲ್ಲ. ಸುಣ್ಣ ಬಳಿದ ಗೋಡೆ ಹಾಳಾಯಿತೆಂದು ನಾಗರತ್ನಾ ಗೊಣಗಿದರೂ ಗೆರೆಗಳು ಮೇಲೇರಿದವು.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಚಂದಮ್ಮ ರೊಟ್ಟಿ ಬಡಿಯುವ ಕೊಣಮಿಗೆಯ ಮುಂದೆ ಕೂತಳು. ಮೊದಲ ರೊಟ್ಟಿಗೆ ಭುಜ ಚುರ್ರೆಂದಿತು, ಆಮೇಲೆ ಕೈ ತನ್ನ ದಾರಿ ಹಿಡಿಯಿತು. ತಪ್ ತಪ್ ತಪ್! ಇಪ್ಪತ್ತಕ್ಕೆ ನಿಲ್ಲಿಸಿ, ಉಳಿದ ಹಿಟ್ಟನ್ನು ತಾನೇ ಸೊಸೆಯ ಕಡೆ ಸರಿಸಿದಳು. ಸಪ್ಪಳ ಕೇಳಿ ಮಸ್ತಾನಬಿ ಓಡಿ ಬಂದಳು. “ಹೌದಲ್ಲಕ್ಕಾ, ಕೈ ನೆಟ್ಟಗ ಮಾಡಿದ್ದು ಸೂಜಿನೋ, ಗುಳಿಗಿನೋ?”

“ರೊಟ್ಟಿ ಬೇಯಿಸಿದ್ದು ಹಂಚೋ, ಬೆಂಕಿಯೋ? ಹೇಳು ನೋಡೂಣು!”

ಅಣವೀರಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. “ನಾಗರತ್ನಾನ ರೊಟ್ಟಿಗೆ ರುಚಿ ಇರಲಿಲ್ಲ ಅಂತಲ್ಲ,” ಎಂದ, ಆರು ತಿಂಗಳಿಗೆ ಬಾಯಿ ಬಿಟ್ಟು. “ಈ ಸಪ್ಪಳ ಇಲ್ಲದ ಮನಿಯೊಳಗ ಉಣ್ಣಾಕ ನನಗ ಅಂಜಿಕಿ ಬರ್ತಿತ್ತು.”