ಹಂಪಿಯಲ್ಲಿ ರೂಮು ಕೇಳಿದ ಹೊಸಪೇಟೆಯವರು

ಹೊಸಪೇಟೆಯವರು ಹಂಪಿಗೆ ಹೋಗುವುದು ಇನ್ನೊಬ್ಬರಿಗೆ ತೋರಿಸಲಿಕ್ಕೆ. ಬೀಗರು ಬಂದರೆ ಕರೆದುಕೊಂಡು ಹೋಗಿ, ಕಲ್ಲಿನ ರಥ ತೋರಿಸಿ, ಮಂಗಗಳಿಂದ ಬಾಳೆಹಣ್ಣಿನ ಚೀಲ ಕಾಪಾಡಿಕೊಂಡು, ಕತ್ತಲಾಗುವುದರೊಳಗೆ ಬಸ್ಸು ಹತ್ತಿ ಬಂದು ಮನೆಯಲ್ಲಿ ಉಂಡು ಮಲಗಬೇಕು. ಅಲ್ಲೇ ರೂಮು ಮಾಡಿ ಉಳಿದ ಹೊಸಪೇಟೆಯವರನ್ನು ನಾನು ಕಂಡಿಲ್ಲ, ಕೇಳಿಯೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಅರ್ಧ ತಾಸಿನ ದಾರಿಯಲ್ಲಿ ಸ್ವಂತ ಮನೆ ಇಟ್ಟುಕೊಂಡು ದುಡ್ಡು ಕೊಟ್ಟು ಅಲ್ಲಿ ಮಲಗುತ್ತೇನೆ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ನನ್ನನ್ನು ಹಾಗೆ ಕರೆದುಕೊಂಡು ಹೋದಾಗ ನನಗೂ ಬಂತು.

ಅನುಮಾನ ನನಗೆ ತವರಿನ ಬಳುವಳಿ. ನಮ್ಮದು ಕಂಪ್ಲಿ, ಅಪ್ಪನದು ಅಕ್ಕಿ ವ್ಯಾಪಾರ. ಮೂಟೆಯ ಬಾಯಿ ಬಿಚ್ಚಿ ಮೇಲಿನ ಕಾಳು ನೋಡಿ ರೇಟು ಹೇಳುವ ಪೈಕಿ ಅಲ್ಲ ನಾವು. ಕಬ್ಬಿಣದ ಕೊಳವೆಯನ್ನು ಮೂಟೆಯ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಊದಿ, ಹಲ್ಲಿಗೆ ಹಾಕಿ ಕಡಿದು ನೋಡಿದ ಮೇಲೇ ಮಾತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅಪ್ಪ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದ. ಅಂಥ ಅಪ್ಪನೇ ನನ್ನ ಮದುವೆಯಲ್ಲಿ ಮೇಲಿನ ಕಾಳು ನೋಡಿ ಒಪ್ಪಿಬಿಟ್ಟ ಎಂದು ನನಗೆ ಆಗ ಸಿಟ್ಟಿತ್ತು.

ಅದು ಮೈನಿಂಗ್ ಜೋರಾಗಿದ್ದ ಕಾಲ. ಮದುವೆಗೆ ಮುಂಚೆ ತವರಿನವರು ಹೊಸಪೇಟೆಗೆ ಮನೆ ನೋಡಲು ಹೋದಾಗ ಮೇಲಿನ ಕೋಣೆ ತೋರಿಸಿ, ಇದು ಹುಡುಗ ಹುಡುಗಿಗೆ ಎಂದು ಹೇಳಿದ್ದರಂತೆ. ಎರಡು ಕಿಟಕಿ, ಒಳ್ಳೇ ಗಾಳಿ. ನಾನು ಆ ಮನೆಯ ಹೊಸ್ತಿಲು ದಾಟುವ ಹೊತ್ತಿಗೆ ಕೋಣೆಯ ಮುಂದೆ ನಾಲ್ಕು ಜೋಡಿ ಕೆಂಪು ಬೂಟುಗಳು ನಿಂತಿದ್ದವು. ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ ಹೊರರಾಜ್ಯದ ನಾಲ್ವರಿಗೆ ಅತ್ತೆ ಅದನ್ನು ಬಾಡಿಗೆಗೆ ಕೊಟ್ಟಿದ್ದರು. ಆಗ ಹೊಸಪೇಟೆಯಲ್ಲಿ ದನದ ಕೊಟ್ಟಿಗೆಗೂ ಬಾಡಿಗೆದಾರರು ಸಿಗುತ್ತಿದ್ದರು ಬಿಡಿ. ಸ್ವಲ್ಪ ದಿನದ ಮಾತು ಎಂದು ಅತ್ತೆ ಹೇಳಿದ್ದರು. ಆ ಸ್ವಲ್ಪ ದಿನ ಎಂಟು ತಿಂಗಳಾಯಿತು.

ನಾನು ಒಳಕೋಣೆಯಲ್ಲಿ ಅತ್ತೆಯ ಮಗ್ಗುಲಲ್ಲಿ, ಇವರು ಪಡಸಾಲೆಯಲ್ಲಿ ಮಾವನ ಮಗ್ಗುಲಲ್ಲಿ. ನಡುವೆ ಗೋಡೆ. ಪ್ರಸ್ತಕ್ಕೆಂದು ತವರಲ್ಲಿ ಕಳೆದ ಒಂದು ರಾತ್ರಿ ಬಿಟ್ಟರೆ ನಮಗೆ ಬಾಗಿಲು ಅಂತ ಒಂದು ಇರಲಿಲ್ಲ, ಆ ರಾತ್ರಿಯೂ ನಾನು ನಾಚಿ ಗೋಡೆ ಕಡೆ ಮುಖ ಮಾಡಿದವಳು ಬೆಳಗಾದರೂ ತಿರುಗಲಿಲ್ಲ. ಇವರು ಲಾರಿ ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದರು. ಲಾರಿ ನಿಂತರೆ ತಾನೇ ಅಂಗಡಿ ಮುಚ್ಚುವುದು? ಮನೆಗೆ ಬಂದರೂ ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ಇರುತ್ತಿದ್ದರು. ಬೂಟುಗಳಿಗಂಟಿದ ಗಣಿಯ ಕೆಂಪು ಧೂಳು ಮೆಟ್ಟಿಲಿಗೆ, ಗೋಡೆಗೆ, ಬಾಗಿಲ ಚೌಕಟ್ಟಿಗೆಲ್ಲ ಮೆತ್ತಿತ್ತು. ಎಲ್ಲಿ ಮುಟ್ಟಿದರೂ ಅಂಗೈ ಕೆಂಪು. ದಿನಾ ಸಂಜೆ ನಾನು ಮೆಟ್ಟಿಲು ತೊಳೆಯುತ್ತಿದ್ದೆ, ಮರುದಿನ ಮತ್ತೆ ಅದೇ.

ಶ್ರಾವಣ ಬರುವ ಹೊತ್ತಿಗೆ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ, ಹೋಗುತ್ತೇನೆ, ತಿರುಗಿ ಬರುವುದಿಲ್ಲ. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು.

ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಒಂದು ಸಂಜೆ ಇವರು ನೀರೊಲೆಯ ಹತ್ತಿರ ಬಂದು, ನಾಳೆ ಮುಂಜಾನೆ ಹೊರಡಬೇಕು, ಎರಡು ಸೀರೆ ಇಟ್ಟುಕೋ ಎಂದರು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಪಡಸಾಲೆಗೆ ಹೋಗಿಬಿಟ್ಟರು. ಬೆಳಿಗ್ಗೆ ಅತ್ತೆ ಶೇಂಗಾ ಉಂಡೆಯ ಗಂಟು ಕೈಗಿಟ್ಟು, ನಿಮ್ಮವ್ವಗೆ ಕೊಡು ಎಂದರು. ಅಲ್ಲಿಗೆ ನನಗೆ ತಿಳಿಯಿತು. ಹಬ್ಬಕ್ಕೆ ಅಣ್ಣ ಬಂದು ಕರೆದೊಯ್ಯುವುದು ಪದ್ಧತಿ. ಗಂಡನೇ ಮುಂಚಿತವಾಗಿ ಹೋಗಿ ಬಿಟ್ಟು ಬರುವುದನ್ನು ಎಲ್ಲಾದರೂ ಕೇಳಿದ್ದೀರಾ? ಕೂಡಿ ಬಾರದ ಮಾಲು, ಮೂಟೆ ಕಟ್ಟಿ ವಾಪಸ್ಸು ಕಳಿಸುತ್ತಿದ್ದಾರೆ ಎಂದುಕೊಂಡೆ.

ಹತ್ತಿದ್ದೂ ಕಂಪ್ಲಿ ಬಸ್ಸೇ. ಇವರು ನನಗೆ ಕಾಣದ ಹಾಗೆ ಟಿಕೆಟ್ಟು ತೆಗೆದು ಜೇಬಿಗೆ ಹಾಕಿಕೊಂಡರು. ಮಲಪನಗುಡಿ ದಾಟಿತು. ನನಗೆ ಸಿಟ್ಟು. ಬಿಟ್ಟು ಹೋಗುವುದು ನನ್ನ ಯೋಚನೆ, ಎಷ್ಟು ದಿನದಿಂದ ಒಳಗೇ ಕಾಪಾಡಿಕೊಂಡು ಬಂದದ್ದು, ಅದನ್ನೂ ಇವರು ಕಸಿದುಕೊಂಡರಲ್ಲ ಎಂದು. ಅಪ್ಪನ ಮುಂದೆ ಏನು ಹೇಳಬೇಕು, ಇವರ ಮುಖಕ್ಕೆ ಏನು ಹೇಳಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಮಲಾಪುರ ಬಂತು. ಇವರು ಎದ್ದು ಚೀಲ ತೆಗೆದುಕೊಂಡು, ಇಳಿ ಎಂದರು.

ಕಂಪ್ಲಿ ಬಸ್ಸು ನಮ್ಮನ್ನು ಬಿಟ್ಟು ಕಂಪ್ಲಿಗೆ ಹೋಯಿತು. ಇವರು ಆಟೋ ಹಿಡಿದು, ಹಂಪಿಯಲ್ಲಿ ರೂಮು ಸಿಗುವ ಕಡೆ ಬಿಡಿ ಎಂದರು. ಆಟೋದವನು ಕನ್ನಡಿ ತಿರುಗಿಸಿ ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿದ. ನಾನೂ ಇವರನ್ನೇ ನೋಡುತ್ತಿದ್ದೆ. ಮೈನಿಂಗ್ ದುಡ್ಡಿನಲ್ಲಿ ಗಂಡಸರು ಏನೇನು ಆಟ ಆಡುತ್ತಿದ್ದಾರೆ ಎಂದು ಓಣಿಯಲ್ಲಿ ದಿನಾ ಒಂದು ಕಥೆ ಕೇಳುತ್ತಿದ್ದೆ. ಇವರ ಕೈಯಲ್ಲಿ ದುಡ್ಡೇ ಇಲ್ಲ, ಆದರೂ ಅನುಮಾನಕ್ಕೆ ಕಾರಣ ಬೇಕೇ?

ಮೊದಲನೆಯ ಮನೆಯ ಹೆಂಗಸು ಯಾವ ಊರು ಎಂದಳು. ಹೊಸಪೇಟೆ ಎಂದರು ಇವರು. ಆಕೆ ನನ್ನ ತಾಳಿ ನೋಡಿ, ಕಾಲುಂಗುರ ನೋಡಿ, ರೂಮು ಖಾಲಿ ಇಲ್ಲ ಎಂದಳು. ಬೀಗದ ಕೈಗಳೆಲ್ಲ ಅವಳ ಹಿಂದೆಯೇ ಮೊಳೆಗೆ ಜೋತಾಡುತ್ತಿದ್ದವು. ಮಳೆಗಾಲ, ಫಾರಿನ್ನಿನವರು ಒಬ್ಬರೂ ಇಲ್ಲ, ಓಣಿ ಭಣಗುಡುತ್ತಿತ್ತು. ಎರಡನೆಯ ಕಡೆ ಒಬ್ಬಾತ, ಈ ಕಡೆಯ ಜೋಡಿಗಳಿಗೆ ಕೊಡುವುದಿಲ್ಲ, ಆಮೇಲೆ ಪೊಲೀಸರ ಕಾಟ, ಮದುವೆ ಫೋಟೋ ಇದ್ದರೆ ತೋರಿಸಿ ಎಂದ. ಮದುವೆ ಫೋಟೋ ಯಾರಾದರೂ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆಯೇ? ಇವರಿಗೆ ಕಿವಿ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ತಡವರಿಸಿ ತಡವರಿಸಿ ನಿಜವನ್ನೇ ಹೇಳಿದರು. ಅವರು ಹೇಳಿದ ರೀತಿಗೆ ನಮಗೆ ಮದುವೆ ಆಗಿದೆಯೋ ಇಲ್ಲವೋ ಎಂದು ನನಗೇ ಅನುಮಾನ ಬಂತು.

ಓಣಿಯ ಕೊನೆಗೆ, ಬಾಳೆತೋಟಕ್ಕೆ ಅಂಟಿಕೊಂಡ ಮನೆಯಲ್ಲಿ ಒಬ್ಬ ಮುದುಕಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅವಳದೂ ಒಂದೆರಡು ಬಾಡಿಗೆ ರೂಮು. ಇವರನ್ನು ಹೊರಗೆ ಕಟ್ಟೆಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದಳು. ಗಂಡ ಅನ್ನುತ್ತೀಯಲ್ಲ, ಹಾಗಾದರೆ ಹೇಳು ಎಂದು ಶುರು ಮಾಡಿದಳು. ಅವನಿಗೆ ಯಾವ ಪಲ್ಯ ಸೇರುವುದಿಲ್ಲ? ಹಾಕಿದ್ದನ್ನು ಉಂಡು ಏಳುವವರು, ನನಗೇನು ಗೊತ್ತು. ಯಾವ ಮಗ್ಗುಲಿಗೆ ಮಲಗುತ್ತಾನೆ? ಗೊತ್ತಿಲ್ಲ. ಗೊರಕೆ ಹೊಡೆಯುತ್ತಾನೋ? ಪಡಸಾಲೆಯಿಂದ ಗೊರಕೆ ಕೇಳುತ್ತಿತ್ತು, ಇವರದೋ ಮಾವನದೋ ದೇವರಿಗೇ ಗೊತ್ತು. ಎಂಟು ತಿಂಗಳ ಹೆಂಡತಿ ನಾನು. ನಾಚಿಕೆಯಾಗಿ, ಸಿಟ್ಟು ಬಂದು, ಕಣ್ಣಲ್ಲಿ ನೀರು ಇಳಿಯಿತು.

ಮುದುಕಿ ನಕ್ಕಳು. "ಓಡಿ ಬಂದೋರು ಪಟಪಟ ಹೇಳತಾರವ್ವಾ. ಒಬ್ಬರದೊಬ್ಬರಿಗೆ ಎಲ್ಲಾ ಗೊತ್ತಿರತೈತಿ. ಏನೂ ಗೊತ್ತಿಲ್ಲಂದ್ರ ನೀವು ಗಂಡ ಹೆಂಡ್ತಿನ, ಬಿಡು."

ಆದರೂ ಅವಳೇನು ಕಡಿಮೆ ಅನುಮಾನದವಳಲ್ಲ. ಇವರನ್ನೂ ಒಳಗೆ ಕರೆದು, ಇವಳಿಗಂತೂ ನಿನ್ನದೇನೂ ಗೊತ್ತಿಲ್ಲ, ನಿನಗೆ ಇವಳದೇನಾದರೂ ಗೊತ್ತಿದೆಯೋ ಎಂದು ಕೇಳಿದಳು. ಇವರು ನೆಲ ನೋಡುತ್ತ ನಿಂತರು.

"ಬದನಿಕಾಯಿ ತಿನ್ನಂಗಿಲ್ಲ, ತನ್ನ ಪಾಲಿಂದೂ ನನ್ನ ತಾಟಿಗೇ ಹಾಕ್ತಾಳ," ಎಂದರು. "ಸಿಟ್ಟು ಬಂದ್ರ ಬಕೀಟು ಕುಕ್ಕತಾಳ. ನಿದ್ದಿಗಣ್ಣಾಗ ಮಾತಾಡತಾಳ."

ಮುದುಕಿ ಏನಂತ ಮಾತಾಡುತ್ತಾಳೆ ಎಂದಳು. ಇವರು ಒಮ್ಮೆ ನನ್ನ ಕಡೆ ನೋಡಿದರು.

"ಪಂಚಮಿಗೆ ಹೋದಾಕಿ ತಿರುಗಿ ಬರಂಗಿಲ್ಲ ಅಂತಾಳ. ಗ್ವಾಡಿ ಆಚಿಗೆ ಕೇಳಸ್ತೈತಿ."

ಮುದುಕಿಯ ಕೈ ಮೊರದಲ್ಲೇ ನಿಂತಿತು. ನಾನು ನಿದ್ದೆಯಲ್ಲಿ ಮಾತಾಡುತ್ತೇನೆಂದು ನನಗೆ ಯಾರೂ ಹೇಳಿರಲಿಲ್ಲ. ಪಕ್ಕದಲ್ಲೇ ಮಲಗುವ ಅತ್ತೆಗೆ ತಮ್ಮ ಗೊರಕೆಯಲ್ಲಿ ಏನೂ ಕೇಳಿಸಿರಲಿಕ್ಕಿಲ್ಲ. ಗೋಡೆಯ ಆ ಕಡೆ ಇವರು ಎಷ್ಟು ರಾತ್ರಿ ಎದ್ದು ಕೂತು ಕೇಳಿದ್ದರೋ. ಮುದುಕಿ ಮತ್ತೇನೂ ಕೇಳದೆ ಬೀಗದ ಕೈ ಕೊಟ್ಟಳು.

ರೂಮು ನೋಡಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ, ಹಾಸಿಗೆ ಮೂಸಿದೆ, ಕಿಟಕಿಯ ಸರಳು ಅಲ್ಲಾಡಿಸಿದೆ. ಎಲ್ಲ ಸ್ವಚ್ಛ. ತಗಡಿನ ಮಾಡು, ಸೊಳ್ಳೆಪರದೆ, ಸುಣ್ಣದ ಗೋಡೆಯ ಮೇಲೆ ಯಾವುದೋ ದೇಶದವರು ಗೀಚಿದ ಅಕ್ಷರ, ಕಿಟಕಿಗೆ ಒತ್ತಿಕೊಂಡು ಬಾಳೆ ಎಲೆ. ಇವರು ಬಾಗಿಲ ಚಿಲಕ ಹಾಕಿದರು. ಹಾಕಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತರು. ನನ್ನನ್ನು ಬಿಟ್ಟು ಬರಲು ಹೊರಟವರು ಇಲ್ಲಿ ಯಾಕೆ ಇಳಿಸಿದಿರಿ ಎಂದು ಕೇಳಿದೆ.

"ಹೋಗೋದಾದ್ರ ಹೋಗು. ನಾ ಅಡ್ಡ ಬರಂಗಿಲ್ಲ," ಎಂದರು. "ಆದ್ರ ನನ್ನ ಜೋಡಿ ಒಂದ್ಸಲ ಮಾತಾಡಿ ಹೋಗು."

ನನಗೆ ಅಳುವೂ ಬಂತು, ರೇಗಿಯೂ ಹೋಯಿತು. ಎಂಟು ತಿಂಗಳದ್ದನ್ನೆಲ್ಲ ಸುರಿದೆ. ಕೋಣೆ, ಬೂಟು, ಮೆಟ್ಟಿಲು, ನಿಮ್ಮವ್ವ, ನಿಮ್ಮ ಬಾಯಿ, ಎಲ್ಲ. ನಿಮ್ಮವ್ವನಿಗೆ ಹೇಳಲಿಲ್ಲವೇಕೆ ಎಂದರೆ, ಹೇಳಿದೆ, ಬರುವ ತಿಂಗಳು ಬರುವ ತಿಂಗಳು ಅನ್ನುತ್ತಾಳೆ, ನನಗೆ ಜಗಳ ಮಾಡಲು ಬರುವುದಿಲ್ಲ ಎಂದರು. ಅದಕ್ಕೂ ಬೈದೆ. ತಗಡಿನ ಮೇಲೆ ಮಳೆ ಬಿದ್ದಾಗ ನನ್ನ ಮಾತು ನನಗೇ ಕೇಳದೆ ಇನ್ನೂ ಜೋರಾಗಿ ಬೈದೆ. ಇವರು ನಮ್ಮವ್ವನಿಗೆಂದು ಕಟ್ಟಿದ ಉಂಡೆಯ ಗಂಟು ಬಿಚ್ಚಿ, ಒಂದು ನನಗೆ ಕೊಟ್ಟು, ಒಂದು ತಾವು ತಿನ್ನುತ್ತ ಪೂರ್ತಿ ಕೇಳಿದರು. ನಡುವೆ ಒಂದು ಸಲವೂ ಎದ್ದು ಹೋಗಲಿಲ್ಲ. ಅಂಥ ಗಂಡಸನ್ನು ನಾನು ನಮ್ಮ ಮನೆಯಲ್ಲೂ ಕಂಡಿರಲಿಲ್ಲ.

ಸಂಜೆ ಹೊಳೆ ಕಡೆ ಹೋದೆವು. ಡ್ಯಾಮಿನಿಂದ ನೀರು ಬಿಟ್ಟಿದ್ದರು, ದೋಣಿ ನಿಂತಿತ್ತು, ಮಂಟಪದ ಕಂಬಗಳು ಅರ್ಧ ಮುಳುಗಿದ್ದವು. ಅಷ್ಟು ಸಲ ಬಂದ ಊರನ್ನು ನಾನು ನೋಡಿಯೇ ಇರಲಿಲ್ಲ ಎಂದು ಆವತ್ತು ಗೊತ್ತಾಯಿತು. ಬೀಗರ ಮಕ್ಕಳನ್ನು ಹುಡುಕುವುದಿಲ್ಲ, ಬುತ್ತಿ ಬಿಚ್ಚುವುದಿಲ್ಲ, ಬಸ್ಸಿನ ಚಿಂತೆಯಿಲ್ಲ. ಸುಮ್ಮನೆ ಬಂಡೆಯ ಮೇಲೆ ಕೂತದ್ದು. ಮಳೆ ನಿಂತು ಬಿದ್ದ ಬಿಸಿಲಿಗೆ ಕಲ್ಲು ಇನ್ನೂ ಬೆಚ್ಚಗಿತ್ತು, ಮಳೆಗೆ ಗುಡ್ಡದ ಸಂದಿಗಳೆಲ್ಲ ಹಸಿರು, ಗಾಳಿಯಲ್ಲಿ ಒಂದು ಚೂರು ಕೆಂಪು ಧೂಳಿಲ್ಲ. ಇಷ್ಟು ಚಂದ ಇರಲಿಕ್ಕಿಲ್ಲ, ಎಲ್ಲೋ ಏನೋ ಇದೆ ಎಂದು ಆಗಲೂ ನನ್ನ ಮನಸ್ಸು ಕೊಳವೆ ಚುಚ್ಚಿ ನೋಡುತ್ತಲೇ ಇತ್ತು. ಅಂಗಡಿಗೆ ಏನು ಹೇಳಿ ಬಂದಿರಿ ಎಂದು ಕೇಳಿದೆ. ಜ್ವರ ಅಂತ ಹೇಳೀನಿ ಎಂದರು. ನನಗೆ ನಗು ತಡೆಯಲಿಲ್ಲ.

ಬೆಳಿಗ್ಗೆ ಬೀಗದ ಕೈ ವಾಪಸ್ಸು ಕೊಡುವಾಗ ಮುದುಕಿ, ಈಗ ಹೇಳು, ಹೇಗೆ ಮಲಗುತ್ತಾನೆ ಎಂದಳು.

"ಬಾಗಿಲ ಕಡಿ ಮಗ್ಗಲಾಗಿ," ಎಂದೆ. "ಗೊರಕಿ ನಮ್ಮ ಮಾವಂದು, ಇವರದಲ್ಲ."

ಕಮಲಾಪುರದಲ್ಲಿ ಕಂಪ್ಲಿ ಬಸ್ಸು ಮೊದಲು ಬಂತು. ಇವರು ಚೀಲ ಹಿಡಿದು ನಿಂತಿದ್ದರು. ನಾನು ಚೀಲ ಇಸಿದುಕೊಂಡು ಹತ್ತಿದೆ. ಕಿಟಕಿಯಿಂದ ಬಗ್ಗಿ, "ಕರಿಯಾಕ ನೀವ ಬರ್ರಿ. ಮ್ಯಾಲಿನ ರೂಮು ಖಾಲಿ ಮಾಡಿಸದ ಬರಬ್ಯಾಡ್ರಿ," ಎಂದೆ. ಇವರು ತಲೆ ಆಡಿಸಿದರು. ಅಂಗಡಿಯಲ್ಲಿ ಇಲ್ಲದ ಸಾಮಾನು ಕೇಳಿದ ಡ್ರೈವರುಗಳಿಗೂ ಹಾಗೇ ತಲೆ ಆಡಿಸುವುದನ್ನು ನಾನು ನೋಡಿದ್ದೆ.

ಪಂಚಮಿ ಆಯಿತು. ಹುತ್ತಕ್ಕೆ ಹಾಲೆರೆದೆವು, ಗೆಳತಿಯರು ಜೋಕಾಲಿ ಆಡಿದರು, ಒಬ್ಬೊಬ್ಬರಾಗಿ ಅವರವರ ಮನೆಗೆ ಹೊರಟರು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಅವ್ವ ನನ್ನ ಮುಖ ನೋಡುತ್ತಿದ್ದಳು. ಹಂಪಿಯದೆಲ್ಲ ಬರೀ ಮೇಲಿನ ಕಾಳು, ನಾನೂ ಮೋಸಹೋದೆ ಎಂದುಕೊಂಡು ದಿನಾ ಬಾಗಿಲಲ್ಲಿ ಮೊರ ಹಿಡಿದು ಕೂರುತ್ತಿದ್ದೆ. ಹಸನಾದ ಅಕ್ಕಿಯನ್ನೇ ಮತ್ತೆ ಹಸನು ಮಾಡುತ್ತಿದ್ದೆ.

ಶ್ರಾವಣ ಮುಗಿಯುತ್ತ ಬಂದಾಗ ಇವರು ಬಂದರು. ಬೆರಳ ಸಂದಿಯೆಲ್ಲ ಸುಟ್ಟು ಸಿಪ್ಪೆ ಎದ್ದಿತ್ತು. ಏನಿದು ಎಂದರೆ, ಸುಣ್ಣ ಎಂದರು. ಬಾಡಿಗೆಯವರನ್ನು ಬಿಡಿಸಿದ್ದೇನೆ, ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಎಂದರು. ನಾನು ನಂಬಲಿಲ್ಲ. ದಾರಿಯುದ್ದಕ್ಕೂ ನಂಬಲಿಲ್ಲ. ಕಮಲಾಪುರ ದಾಟುವಾಗ ಇವರು ನನ್ನ ಕಡೆ ನೋಡಿ ನಕ್ಕರೂ ನಾನು ಬಿಗಿದುಕೊಂಡೇ ಕೂತಿದ್ದೆ.

ಮನೆಯಲ್ಲಿ ಅತ್ತೆ ಅಡುಗೆಮನೆಯೊಳಗೆ ಪಾತ್ರೆ ಕುಕ್ಕುತ್ತಿದ್ದರು. ನಾನು ಕಾಲು ತೊಳೆದವಳೇ ನೇರ ಮೆಟ್ಟಿಲು ಹತ್ತಿ ಮೇಲೆ ಹೋದೆ. ಬೂಟುಗಳಿರಲಿಲ್ಲ. ಗೋಡೆಗೆ ಅಂಗೈ ಒತ್ತಿ ತಿರುಗಿಸಿ ನೋಡಿದೆ, ಬೆಳ್ಳಗಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ, ನಿಜ. ನನಗೆ ಸುಣ್ಣವೇ ಸಾಕಿತ್ತು. ಕಿಟಕಿಯ ಮೂಲೆಯಲ್ಲಿ ಮಾತ್ರ ಕುಂಚ ಎಟುಕದೆ ಒಂದು ಮೊಳ ಕೆಂಪು ಹಾಗೇ ಉಳಿದಿತ್ತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸ್ಟೂಲು ಎಳೆದುಕೊಂಡು, ಉಳಿದಿದ್ದ ಸುಣ್ಣವನ್ನು ಅದರ ಮೇಲೆ ನಾನೇ ಬಳಿದೆ.